ಹತ್ತಿಯ ಹಿಮ ಮತ್ತು ಹಿಂದಿನ ಬೆಂಚಿನ ಪ್ರಶ್ನೆ

ಕಳೆದ ವರ್ಷದ ಇಂಟರ್ನ್‌ಶಿಪ್ ಅವಧಿಯಲ್ಲಿ ಕುಂದಗೋಳ ತಾಲೂಕಿನ ಒಂದು ಶಾಲೆಗೆ ಎಂಟನೇ ತರಗತಿಯ ಸಮಾಜ ವಿಜ್ಞಾನದ ಅಭ್ಯಾಸ ಪಾಠವನ್ನು ಅವಲೋಕಿಸಲು ಹೋಗಿದ್ದೆ. ಪಾಠದ ವಿಷಯ ಪರ್ವತ ಪ್ರದೇಶಗಳು ಮತ್ತು ಹಿಮ. ನಮ್ಮ ಪ್ರಶಿಕ್ಷಣಾರ್ಥಿ ಚೆನ್ನಾಗಿ ಸಿದ್ಧಳಾಗಿ ಬಂದಿದ್ದಳು. ಥರ್ಮಾಕೋಲ್ ಬೆಟ್ಟ, ಅದರ ಮೇಲೆ ಅಂಟಿಸಿದ ಬಿಳಿ ಹತ್ತಿ, ಇಳಿಜಾರಿನಲ್ಲಿ ಎರಡು ಐಸ್‌ಕ್ರೀಮ್ ಕಡ್ಡಿಗಳ ಮೇಲೆ ನಿಂತ ಗೊಂಬೆ. ಪಕ್ಕದಲ್ಲಿ ಚಾರ್ಟು: ಗುಲ್ಮಾರ್ಗ್, ಔಲಿ, ಆಲ್ಪ್ಸ್, ರಾಕಿ, ಪ್ರತಿಯೊಂದರ ಮುಂದೆ ದೇಶ, ಎತ್ತರ, ಪ್ರಸಿದ್ಧ ಕ್ರೀಡೆ. ಮಕ್ಕಳು ಕಣ್ಣರಳಿಸಿ ನೋಡಿದರು. "ಹಿಮವು ಹತ್ತಿಯಂತೆ ಬೆಳ್ಳಗೆ, ಮೆತ್ತಗೆ ಇರುತ್ತದೆ" ಎಂದು ಅವಳು ಹೇಳಿದಳು.

ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಅಕ್ಕೋರ, ಬರ್ಫ ಹತ್ತಿಯಂಗ ಮೆತ್ತಗಿದ್ರ, ನಮ್ಮ ಬೆಟದೂರಿನ ಹನುಮಂತಪ್ಪನವರು ಅದರಾಗ ಸಿಕ್ಕು ಹೆಂಗ ತೀರಿಕೊಂಡ್ರು?"

ತರಗತಿ ತಣ್ಣಗಾಯಿತು. ಪ್ರಶಿಕ್ಷಣಾರ್ಥಿ ಒಮ್ಮೆ ನನ್ನ ಕಡೆ ನೋಡಿದಳು, ಒಮ್ಮೆ ಗಡಿಯಾರದ ಕಡೆ. "ಕೂಡಪಾ, ಅದು ಈ ಪಾಠದಾಗ ಬರಂಗಿಲ್ಲ" ಎಂದಳು. ಹುಡುಗ ಕುಳಿತ. ಪಾಠ ಮುಂದುವರಿಯಿತು, ಗಂಟೆ ಹೊಡೆಯುವ ಎರಡು ನಿಮಿಷ ಮೊದಲು ಮೌಲ್ಯಮಾಪನದ ಪ್ರಶ್ನೆಗಳೂ ಮುಗಿದವು.

ನಾನು ಅವಲೋಕನ ಪತ್ರದಲ್ಲಿ ಏನು ಬರೆದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಬೋಧನೋಪಕರಣ: ಅತ್ಯುತ್ತಮ. ಧ್ವನಿ: ಸ್ಪಷ್ಟ. ಕಪ್ಪುಹಲಗೆಯ ಬಳಕೆ: ಉತ್ತಮ. ಸಮಯ ಪಾಲನೆ: ಉತ್ತಮ. ಆ ಪ್ರಶ್ನೆಯ ಬಗ್ಗೆ ಒಂದಕ್ಷರವನ್ನೂ ಬರೆಯಲಿಲ್ಲ, ಏಕೆಂದರೆ ಪತ್ರದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಬಸ್ಸಿನಲ್ಲಿ ಮರಳುವಾಗ ಮಾತ್ರ ಅನ್ನಿಸಿತು: ಆ ನಲವತ್ತು ನಿಮಿಷದಲ್ಲಿ ಭೂಗೋಳವನ್ನು ನಿಜವಾಗಿ ಮಾಡಿದವನು ಆ ಹುಡುಗನೊಬ್ಬನೇ. ಪುಸ್ತಕದ ಹಿಮವನ್ನೂ ಊರಿನವರು ಹೇಳಿದ ಹಿಮವನ್ನೂ ಪಕ್ಕಪಕ್ಕ ಇಟ್ಟು, ಇವೆರಡೂ ಒಂದಕ್ಕೊಂದು ಹೊಂದುವುದಿಲ್ಲವಲ್ಲ ಎಂದು ಕೇಳಿದವನು ಅವನು. ನಾವು ಅವನನ್ನು ಕೂರಿಸಿದೆವು.

ನನ್ನ ವಾದ ಇಷ್ಟೇ. ನಮ್ಮ ಎರೆಭೂಮಿಯ ಶಾಲೆಗಳಲ್ಲಿ ಹಿಮವನ್ನು ಕಲಿಸಬೇಕು, ಬೆಟ್ಟ ಬೆಟ್ಟಗಳನ್ನು ಹೋಲಿಸಿ ಕಲಿಸಬೇಕು. ಆದರೆ ಈಗ ಕಲಿಸುತ್ತಿರುವ ರೀತಿಯಲ್ಲಿ ಬೇಡ.

ಇಲ್ಲಿಗೆ ಹಿಮ ಏಕೆ?

"ನವಲಗುಂದ, ಅಣ್ಣಿಗೇರಿಯ ಮಕ್ಕಳಿಗೆ ಸ್ಕೀಯಿಂಗ್ ಏಕೆ ಬೇಕು? ಬೆಣ್ಣಿಹಳ್ಳದ ನೆರೆ, ಮಲಪ್ರಭೆಯ ಕಾಲುವೆ ಕಲಿಸಿದರೆ ಸಾಲದೇ?" ಎಂದು ಕೇಳುವ ಸಹೋದ್ಯೋಗಿಗಳಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಕಾಣದ ಊರಿನ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಕಾಣುವ ಹಳ್ಳವನ್ನು ಓದಿಸುವುದು ಮೇಲು. ಆದರೆ ಹಿಮ ನಮಗೆ ಅಷ್ಟೇನೂ ದೂರದ್ದಲ್ಲ.

2016ರ ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯೊಂದರ ಮೇಲೆ ಹಿಮದ ಗೋಡೆ ಕುಸಿಯಿತು. ಮದ್ರಾಸ್ ರೆಜಿಮೆಂಟಿನ ಹತ್ತು ಸೈನಿಕರು ಅಡಿಗೆ ಸಿಕ್ಕರು. ಅವರಲ್ಲಿ ಮೂವರು ಕರ್ನಾಟಕದವರು: ಹಾಸನ ಜಿಲ್ಲೆಯ ನಾಗೇಶ, ಮೈಸೂರು ಜಿಲ್ಲೆಯ ಮಹೇಶ, ನಮ್ಮ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 25 ಅಡಿಗೂ ಆಳದಲ್ಲಿ ಹೂತಿದ್ದ ಹನುಮಂತಪ್ಪ ಆರನೇ ದಿನ ಜೀವಂತವಾಗಿ ಸಿಕ್ಕರು. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಫೆಬ್ರವರಿ 11ರಂದು ತೀರಿಕೊಂಡರು. ಅವರು ಹೈಸ್ಕೂಲಿಗೆ ದಿನಾ ಆರು ಕಿಲೋಮೀಟರ್ ನಡೆದು ಹೋಗುತ್ತಿದ್ದರೆಂದು ಆಗ ಸೇನೆ ತಿಳಿಸಿತ್ತು. ನಮ್ಮ ಹಳ್ಳಿಗಳಿಂದ ಇಂದಿಗೂ ಹುಡುಗರು ಸೇನಾ ಭರ್ತಿಗೆ ಹೋಗುತ್ತಾರೆ. ಅವರಲ್ಲಿ ಕೆಲವರು ಹಿಮವನ್ನು ಮೊದಲ ಸಲ ನೋಡುವುದು ಅದರ ಮೇಲೆ ಕಾವಲು ನಿಲ್ಲುವಾಗಲೇ. ಆ ಹಿಮದ ಬಗ್ಗೆ ಶಾಲೆ ಅವರಿಗೆ ಹೇಳಿದ್ದು "ಬೆಳ್ಳಗೆ, ಮೆತ್ತಗೆ" ಎಂಬ ಎರಡೇ ಮಾತಾದರೆ, ಅದು ನಮಗೆ ಶೋಭೆಯಲ್ಲ.

ಇನ್ನೂ ಎರಡು ಕೊಂಡಿಗಳಿವೆ. ಗುಲ್ಮಾರ್ಗಿನಲ್ಲಿ ಇಂದು ಸೇನೆಯ ಎತ್ತರ ಪ್ರದೇಶದ ಯುದ್ಧ ಶಾಲೆಯಿದೆ. ಅದು 1948ರ ಡಿಸೆಂಬರಿನಲ್ಲಿ 19ನೇ ಪದಾತಿ ಡಿವಿಷನ್ನಿನ ಸ್ಕೀ ಶಾಲೆಯಾಗಿ ಆರಂಭವಾಯಿತು. ಆಗ ಆ ಡಿವಿಷನ್ನಿನ ಮುಖ್ಯಸ್ಥರಾಗಿದ್ದವರು ಕೊಡಗಿನ ಕೆ. ಎಸ್. ತಿಮ್ಮಯ್ಯ. ಅದೇ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಇಂದು ನಮ್ಮ ದೇಶದ ಪ್ರಮುಖ ಕ್ರಾಸ್ ಕಂಟ್ರಿ ಸ್ಕೀ ಆಟಗಾರ್ತಿ. ಗುಲ್ಮಾರ್ಗಿನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದವರು. 2025ರ ಜುಲೈನಲ್ಲಿ ಚಿಲಿ ದೇಶದ ಸ್ಪರ್ಧೆಯಲ್ಲಿ ಕಂಚು ತಂದವರು. ಹಿಮವೇ ಬೀಳದ ರಾಜ್ಯದ ಹೆಣ್ಣುಮಗಳು ಜುಲೈ ತಿಂಗಳಲ್ಲಿ ಹಿಮ ಹುಡುಕಿಕೊಂಡು ಚಿಲಿಗೆ ಹೋದದ್ದೇಕೆ? ಈ ಒಂದು ಪ್ರಶ್ನೆಯಿಂದ ಭೂಮಿಯ ವಾಲಿಕೆ, ಉತ್ತರ ಮತ್ತು ದಕ್ಷಿಣ ಗೋಳಾರ್ಧದ ಋತುಗಳು ಎಲ್ಲವನ್ನೂ ತೆರೆಯಬಹುದು. ನಮ್ಮ ಪೀಠಿಕೆಗಳಲ್ಲಿ ಇಂಥ ಪ್ರಶ್ನೆ ಕಾಣುವುದಿಲ್ಲ.

ಮೊದಲು ಮಾತು ನೆಟ್ಟಗಾಗಲಿ

ನಮ್ಮ ಕನ್ನಡದಲ್ಲಿ ಈ ಪಾಠಕ್ಕೆ ಒಂದು ತೊಡಕಿದೆ. ಮಂಜು ಎಂದರೆ ಬೆಳಗಿನ ಹೊತ್ತು ಹೊಲದ ಮೇಲೆ ಕವಿಯುವುದೂ ಹೌದು, ಕಾಶ್ಮೀರದಲ್ಲಿ ಬೀಳುವುದೂ ಹೌದು. ಹಿಮಪಾತ ಎಂದರೆ ಮೆಲ್ಲಗೆ ಉದುರುವ ಹಿಮವೂ ಹೌದು. ಬೆಟ್ಟದ ಮೈಯಿಂದ ಜಾರಿ ಬಂದು ಊರು ಮುಚ್ಚುವ ಹಿಮವನ್ನೂ ಪತ್ರಿಕೆಗಳು ಹಿಮಪಾತವೆಂದೇ ಬರೆಯುತ್ತವೆ. "ಹಿಮಪಾತದಲ್ಲಿ ಸೈನಿಕರು ಸಿಲುಕಿದರು" ಎಂಬುದನ್ನು ಓದಿದ ಮಗು, ಆಕಾಶದಿಂದ ಹತ್ತಿ ಬಿದ್ದು ಜನ ಸತ್ತರೆಂದು ತಿಳಿದರೆ ತಪ್ಪು ಮಗುವಿನದಲ್ಲ. ತರಗತಿಯಲ್ಲಿ ಉದುರುವುದಕ್ಕೆ ಹಿಮ ಬೀಳುವುದು, ಜಾರುವುದಕ್ಕೆ ಹಿಮಕುಸಿತ, ಗಟ್ಟಿಯಾದುದಕ್ಕೆ ಮಂಜುಗಡ್ಡೆ, ವರ್ಷಗಟ್ಟಲೆ ಕೂಡಿ ಹರಿಯುವುದಕ್ಕೆ ಹಿಮನದಿ ಎಂದು ಮೊದಲೇ ಬೇರೆ ಮಾಡಿಕೊಳ್ಳಬೇಕು. ಮಕ್ಕಳು "ಬರ್ಫ" ಎಂದರೆ ತಿದ್ದಬೇಕಾಗಿಲ್ಲ. ಯಾವ ಬರ್ಫ ಎಂದು ಕೇಳಿದರೆ ಸಾಕು. ಬೇಸಿಗೆಯ ಅಡ್ಡಮಳೆಯಲ್ಲಿ ಬೀಳುವ ಆಣೆಕಲ್ಲನ್ನು ಅವರೆಲ್ಲ ಕೈಯಲ್ಲಿ ಹಿಡಿದಿದ್ದಾರೆ. ಅದು ಹಿಮವಲ್ಲ, ಮೋಡದೊಳಗೆ ಪದರ ಪದರವಾಗಿ ಹೆಪ್ಪುಗಟ್ಟಿದ ನೀರಿನ ಉಂಡೆ ಎಂಬಲ್ಲಿಂದಲೇ ಆರಂಭಿಸಬಹುದು.

ಹಿಮಕ್ಕೂ ಹದ ಉಂಟು

ತಿಳಿದುದರಿಂದ ತಿಳಿಯದುದರೆಡೆಗೆ ಎಂಬ ಸೂತ್ರವನ್ನು ನಾವು ಎಲ್ಲ ಪ್ರಶಿಕ್ಷಣಾರ್ಥಿಗಳಿಂದ ಬರೆಸುತ್ತೇವೆ. ಹಿಮದ ಪಾಠದಲ್ಲಿ "ತಿಳಿದುದು" ಯಾವುದು ಎಂದು ಕೇಳಿದರೆ ಹೆಚ್ಚಿನವರು ಫ್ರಿಜ್ ಎನ್ನುತ್ತಾರೆ. ನನ್ನ ಉತ್ತರ ಬೇರೆ: ಎರೆಮಣ್ಣು.

ನವಲಗುಂದದ ರೈತನ ಮಗನಿಗೆ ಮಣ್ಣು ಎಂದರೆ ಒಂದೇ ವಸ್ತುವಲ್ಲ. ಬೇಸಿಗೆಯಲ್ಲಿ ಕಾಲು ಹೊಗುವಷ್ಟು ಬಿರುಕು. ಮೊದಲ ಮಳೆಗೆ ಹುಡಿ. ಹೆಚ್ಚು ಮಳೆಗೆ ಚಪ್ಪಲಿಯನ್ನೇ ಕಿತ್ತುಕೊಳ್ಳುವ ಕೆಸರು. ನಡುವೆ ಬರುವ ನಾಲ್ಕು ದಿನ ಹದ. ಆ ಹದದಲ್ಲಿಯೇ ಹರಗಬೇಕು, ಆ ಹದದಲ್ಲಿಯೇ ಬಿತ್ತಬೇಕು. ಹದ ತಪ್ಪಿದರೆ ಕೂರಿಗೆ ನಡೆಯುವುದಿಲ್ಲ. ಮಣ್ಣು ಅದೇ, ನೀರು, ಬಿಸಿಲು, ಗಾಳಿ, ತುಳಿತ ಅದನ್ನು ಬೇರೆ ಬೇರೆ ಮಾಡುತ್ತವೆ.

ಹಿಮವೂ ಹಾಗೆಯೇ. ತೀರಾ ಚಳಿಯಲ್ಲಿ, ಗಾಳಿಯಿಲ್ಲದಾಗ ಬಿದ್ದ ಹೊಸ ಹಿಮ ಒಂದು ಘನ ಮೀಟರಿಗೆ 50ರಿಂದ 100 ಕೆ.ಜಿ. ಮಾತ್ರ ತೂಗುತ್ತದೆ. ಅದರಲ್ಲಿ ಬಹುಪಾಲು ಗಾಳಿಯೇ. ಕೆಲವು ದಿನ ಕುಳಿತರೆ 200ರಿಂದ 300 ಕೆ.ಜಿ. ಆಗುತ್ತದೆ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿದರೆ ಮೇಲೆ ಗಟ್ಟಿ ಹೊಪ್ಪಳಿಕೆ ಬರುತ್ತದೆ. ವರ್ಷಗಟ್ಟಲೆ ಒಂದರ ಮೇಲೊಂದು ಬಿದ್ದು ಅದುಮಿದರೆ ಒಳಗಿನ ಗಾಳಿಯ ಬಹುಪಾಲು ಹೋಗಿ, ಘನ ಮೀಟರಿಗೆ 900 ಕೆ.ಜಿ.ಯ ಸುಮಾರಿನ ನೀಲಿ ಮಂಜುಗಡ್ಡೆಯಾಗುತ್ತದೆ. ಸಿಯಾಚಿನ್ನಿನಲ್ಲಿ ರಕ್ಷಣಾ ತಂಡ ಬಂಡೆ ಕೊರೆಯುವ ಯಂತ್ರ ಬಳಸಬೇಕಾಗಿ ಬಂದದ್ದು ಇಂಥ ಗಟ್ಟಿ ಹಿಮದ ಎದುರು.

ಇದನ್ನು ತೋರಿಸಲು ಥರ್ಮಾಕೋಲ್ ಬೇಡ. ಜಾತ್ರೆಯ ಬರ್ಫದ ಗೋಲಾ ಸಾಕು. ಒಂದು ಬರ್ಫದ ಗಡ್ಡೆಯನ್ನು ಕೀಸಿ ಲೋಟದಲ್ಲಿ ತುಂಬಿ. ಅದು ಹೊಸ ಹಿಮ. ಗೋಲಾ ಮಾಡುವವನಂತೆ ಕಡ್ಡಿಯ ಸುತ್ತ ಅದುಮಿ. ಅದು ಕುಳಿತ ಹಿಮ. ಇನ್ನೂ ಬಲವಾಗಿ ಅದುಮಿ ಹತ್ತು ನಿಮಿಷ ಬಿಡಿ, ಮತ್ತೆ ಗಡ್ಡೆಯಾಗತೊಡಗುತ್ತದೆ. ಒಂದು ಲೋಟ ಸಡಿಲ ಹಿಮವೂ ಒಂದು ಲೋಟ ಅದುಮಿದ ಹಿಮವೂ ಕರಗಿದಾಗ ಎಷ್ಟೆಷ್ಟು ನೀರು ಬರುತ್ತದೆ ಎಂದು ಮಕ್ಕಳೇ ಅಳೆಯಲಿ. ಮೂರು ರೂಪಾಯಿಯ ಗೋಲಾ ಮಾಡುವ ಈ ಕೆಲಸವನ್ನು ಮುನ್ನೂರು ರೂಪಾಯಿಯ ಮಾದರಿ ಮಾಡಲಾರದು.

ಇಲ್ಲಿ ಇನ್ನೊಂದು ಮಾತು ಸೇರಿಸಬೇಕು. ಆ ದಿನ ಹತ್ತಿ ತಂದದ್ದು ತಪ್ಪಾಗಿರಲಿಲ್ಲ. ಅದರ ಬಣ್ಣವನ್ನು ಮಾತ್ರ ಬಳಸಿದ್ದು ತಪ್ಪು. ಹತ್ತಿ ಬಿಡಿಸಿದ ಮಕ್ಕಳ ತರಗತಿಯದು. ಉಡಿಯಲ್ಲಿ ತುಂಬಿದ ಹತ್ತಿ ಹಗುರ, ತುಳಿದು ತುಂಬಿದ ಅಂಡಿಗೆ ಭಾರ, ಜಿನ್ನಿಂಗ್ ಕಾರ್ಖಾನೆಯ ಪ್ರೆಸ್ಸಿನಿಂದ ಹೊರಬಂದ ಬೇಲು 170 ಕೆ.ಜಿ. ಎಂಬುದು ಅವರಿಗೋ ಅವರ ಅಪ್ಪಂದಿರಿಗೋ ಗೊತ್ತು. "ಬಿಡಿ ಹತ್ತಿ ಮೈಮೇಲೆ ಬಿದ್ದರೆ ಏನಾಗುತ್ತದೆ? ಬೇಲು ಬಿದ್ದರೆ?" ಎಂದು ಕೇಳಿದ್ದರೆ, ಹಿಂದಿನ ಬೆಂಚಿನ ಪ್ರಶ್ನೆಗೆ ಉತ್ತರ ಮೇಜಿನ ಮೇಲೆಯೇ ಇತ್ತು.

ಹೋಲಿಕೆ ಎಂದರೆ ಪಟ್ಟಿಯಲ್ಲ

ಗುಲ್ಮಾರ್ಗ್, ಔಲಿ, ಆಲ್ಪ್ಸ್, ರಾಕಿ ಎಂದು ನಾಲ್ಕು ಸಾಲು ಬರೆದು ಎತ್ತರ ತುಂಬಿದರೆ ಅದು ಪಟ್ಟಿ. ಎರಡು ಜಾಗಗಳಲ್ಲಿ ಒಂದೇ ಪ್ರಶ್ನೆ ಕೇಳಿ, ಉತ್ತರ ಬೇರೆ ಏಕೆ ಬಂತು ಎಂದು ಹುಡುಕಿದರೆ ಅದು ಹೋಲಿಕೆ. ಹಿಮಕ್ಕೆ ಕೇಳಬೇಕಾದ ಪ್ರಶ್ನೆಗಳು ಎರಡೇ: ನೀರು ಎಲ್ಲಿಂದ ಬಂತು? ಚಳಿ ಎಷ್ಟಿದೆ?

ಮಕ್ಕಳಲ್ಲಿ, ನಮ್ಮ ಪ್ರಶಿಕ್ಷಣಾರ್ಥಿಗಳಲ್ಲೂ, ಒಂದು ತಪ್ಪು ಕಲ್ಪನೆ ಗಟ್ಟಿಯಾಗಿದೆ: ಚಳಿ ಹೆಚ್ಚಿದ್ದಲ್ಲಿ ಹಿಮವೂ ಹೆಚ್ಚು. ಇದನ್ನು ಒಡೆಯಲು ಲೇಹ್ ಮತ್ತು ಗುಲ್ಮಾರ್ಗನ್ನು ಎದುರು ಬದುರು ಇಡಿ. ಲೇಹ್ ಗುಲ್ಮಾರ್ಗಿಗಿಂತ ಎತ್ತರದಲ್ಲಿದೆ, ಚಳಿಯೂ ಕಡಿಮೆಯಲ್ಲ. ಆದರೂ ಅಲ್ಲಿ ಬೀಳುವ ಹಿಮ ಬಹಳ ಕಡಿಮೆ. ಚಳಿಗಾಲದಲ್ಲಿ ಮೆಡಿಟರೇನಿಯನ್ ಕಡೆಯಿಂದ ಬರುವ, ಹವಾಮಾನ ಇಲಾಖೆ ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂದು ಕರೆಯುವ ಮೋಡಗಳು ಪೀರ್ ಪಂಜಾಲ್ ಮತ್ತು ಹಿಮಾಲಯದ ಸಾಲುಗಳಿಗೆ ತಾಗಿ ಅಲ್ಲಿಯೇ ಸುರಿದುಬಿಡುತ್ತವೆ. ಲಡಾಖಿಗೆ ಉಳಿಯುವುದು ಒಣ ಗಾಳಿ.

ಇದು ನಮ್ಮ ಮಕ್ಕಳಿಗೆ ಹೊಸದೇ? ಕಲಘಟಗಿಯಲ್ಲಿ ಭತ್ತ, ನವಲಗುಂದದಲ್ಲಿ ಕಡಲೆ ಮತ್ತು ಬಿಳಿಜೋಳ. ಅರಬ್ಬಿ ಸಮುದ್ರದ ಮೋಡ ಘಟ್ಟ ಏರುವಾಗ ಸುರಿದು, ಕಲಘಟಗಿಯ ಕಡೆಗೆ ಒಂದಿಷ್ಟು ಕೊಟ್ಟು, ನವಲಗುಂದ ಮುಟ್ಟುವ ಹೊತ್ತಿಗೆ ಬರಿದಾಗುತ್ತದೆ. ಒಂದೇ ಜಿಲ್ಲೆಯಲ್ಲಿ ಬಸ್ಸಿನ ಕಿಟಕಿಯಿಂದ ಕಾಣುವ ಈ ವ್ಯತ್ಯಾಸವೇ ಗುಲ್ಮಾರ್ಗ್ ಮತ್ತು ಲೇಹ್ ನಡುವಿನದು. ಜಪಾನಿನಲ್ಲೂ ಅದೇ ಕಥೆ: ಸೈಬೀರಿಯದ ಒಣ ಚಳಿಗಾಳಿ ಜಪಾನ್ ಸಮುದ್ರ ದಾಟುವಾಗ ನೀರು ಹೊತ್ತು, ಹೊಕ್ಕೈಡೊ ಮತ್ತು ಪಶ್ಚಿಮ ಕರಾವಳಿಯ ಬೆಟ್ಟಗಳ ಮೇಲೆ ಮೀಟರುಗಟ್ಟಲೆ ಹುಡಿಹಿಮ ಸುರಿಯುತ್ತದೆ. ಬೆಟ್ಟದಾಚೆಯ ಟೋಕಿಯೊದಲ್ಲಿ ಚಳಿಗಾಲದ ಆಕಾಶ ಬಹುತೇಕ ನಿಚ್ಚಳ. ಅಮೆರಿಕದಲ್ಲಿ ಪೆಸಿಫಿಕ್ ಸಮುದ್ರಕ್ಕೆ ಹತ್ತಿರದ ಸಿಯೆರಾ ನೆವಾಡ ಬೆಟ್ಟಗಳ ಹಿಮ ತೇವ, ಭಾರ. ಒಳನಾಡಿನ ಯೂಟಾದ ಹಿಮ ಒಣ, ಹಗುರ. ಚಳಿಯಿದ್ದೂ ನೀರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್ ಉದಾಹರಣೆ. ಅಲ್ಲಿನ ಇಳಿಜಾರುಗಳಿಗೆ ಬಹುತೇಕ ಎಲ್ಲ ಹಿಮವನ್ನೂ ಯಂತ್ರಗಳಿಂದ ಮಾಡಬೇಕಾಯಿತು. ನಮ್ಮ ದೇಶದಿಂದ ಅಲ್ಲಿಗೆ ಹೋಗಿದ್ದ ಏಕೈಕ ಕ್ರೀಡಾಪಟು ಕಾಶ್ಮೀರದ ಆರಿಫ್ ಖಾನ್.

ನೀರಿದ್ದರೂ ಹೊತ್ತಿಗೆ ಬರದಿದ್ದರೆ? ಹಿಂಗಾರಿ ಮಳೆಗೆ ಕಾಯುವ ಅಣ್ಣಿಗೇರಿಯ ರೈತನಿಗೆ ಈ ಪ್ರಶ್ನೆ ಬಿಡಿಸಿ ಹೇಳಬೇಕಾಗಿಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗಿನ ಇಳಿಜಾರುಗಳು ಹಿಮವಿಲ್ಲದೆ ಒಣಗಿದ್ದವು. 2025ರ ಫೆಬ್ರವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಕೂಟ ಹಿಮ ಸಾಲದೆ ಮಾರ್ಚಿಗೆ ಮುಂದೆ ಹೋಯಿತು. ಅಲ್ಲಿನ ಸ್ಕೀ ಮಾರ್ಗದರ್ಶಿ, ಕುದುರೆಯವನು, ಹೋಟೆಲಿನವನು ಆಕಾಶ ನೋಡುತ್ತ ಕೂರುವುದೂ ನಮ್ಮವರು ಹಸ್ತ, ಚಿತ್ತಿ ಮಳೆಗೆ ಕೂರುವುದೂ ಒಂದೇ. ಹವಾಮಾನ ಬದಲಾವಣೆ ಎಂಬ ದೊಡ್ಡ ಮಾತನ್ನು ಇಲ್ಲಿಂದ ಆರಂಭಿಸಿದರೆ ಅದು ಮಕ್ಕಳ ಮನೆಯ ಮಾತಾಗುತ್ತದೆ.

ಎರಡನೆಯ ಪ್ರಶ್ನೆ, ಚಳಿ ಎಷ್ಟು ಎಂಬುದಕ್ಕೆ ಒಂದು ಲೆಕ್ಕ ಸಾಕು. ಸಾವಿರ ಮೀಟರ್ ಏರಿದರೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ತಂಪು. ಧಾರವಾಡ ಸುಮಾರು 700 ಮೀಟರಿನಲ್ಲಿದ್ದು ಅಲ್ಲಿ 20 ಡಿಗ್ರಿ ಇದೆ ಎನ್ನೋಣ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅಲ್ಲಿಗೆ 12 ಡಿಗ್ರಿ ಬರುತ್ತದೆ. ಹಿಮ ಏಕಿಲ್ಲ ಎಂಬುದು ತಿಳಿಯಿತು. ಅದೇ ಲೆಕ್ಕದಲ್ಲಿ 19,600 ಅಡಿಗೆ, ಎಂದರೆ ಸುಮಾರು 5,970 ಮೀಟರಿಗೆ, ಸೊನ್ನೆಗಿಂತ 14 ಡಿಗ್ರಿ ಕೆಳಗೆ ಬರುತ್ತದೆ. ಆದರೆ ಫೆಬ್ರವರಿಯ ಸಿಯಾಚಿನ್ನಿನಲ್ಲಿ ಸೊನ್ನೆಗಿಂತ 40 ಡಿಗ್ರಿಗೂ ಕೆಳಗೆ ಹೋಗುತ್ತದೆ. ನಮ್ಮ ಲೆಕ್ಕ ತಪ್ಪಿದ್ದೆಲ್ಲಿ? ಎತ್ತರವೊಂದನ್ನೇ ಹಿಡಿದೆವು, ಅಕ್ಷಾಂಶವನ್ನೂ ಋತುವನ್ನೂ ಬಿಟ್ಟೆವು. ಲೆಕ್ಕ ಸರಿ ಬಂದಾಗ ಕಲಿಯುವುದಕ್ಕಿಂತ ತಪ್ಪಿದಾಗ ಮಕ್ಕಳು ಹೆಚ್ಚು ಕಲಿಯುತ್ತಾರೆ.

ಎರಡು ಹಲಗೆಯ ವಿಜ್ಞಾನ

ಸ್ಕೀಯಿಂಗನ್ನು ಶ್ರೀಮಂತರ ಆಟವೆಂದು ತಳ್ಳಿಹಾಕುವ ಮೊದಲು ಅದರ ಯಂತ್ರವನ್ನು ನೋಡೋಣ. ಎಂಟನೇ ತರಗತಿಯ ವಿಜ್ಞಾನದಲ್ಲಿ ಬಲ ಮತ್ತು ಒತ್ತಡದ ಪಾಠವಿದೆ. 60 ಕೆ.ಜಿ. ತೂಕದ ಮನುಷ್ಯನ ಎರಡು ಬೂಟುಗಳ ತಳ ಸುಮಾರು 400 ಚದರ ಸೆಂಟಿಮೀಟರ್. ತಲಾ 170 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲದ ಎರಡು ಸ್ಕೀ ಹಲಗೆಗಳ ಮೇಲೆ ನಿಂತರೆ 2,720 ಚದರ ಸೆಂಟಿಮೀಟರ್. ಭಾರ ಅದೇ, ಒತ್ತಡ ಸುಮಾರು ಏಳನೇ ಒಂದು ಪಾಲು. ಮಳೆಗಾಲದಲ್ಲಿ ಎರೆ ಕೆಸರಿನ ಮೇಲೆ ಹಲಗೆ ಹಾಕಿಕೊಂಡು ದಾಟುವ ಉಪಾಯ ಇದುವೇ. ಶಾಲೆಯ ಹಿಂದಿನ ಕೆಸರಿನಲ್ಲಿ ಮಕ್ಕಳೇ ಮಾಡಿ ನೋಡಬಹುದು.

ಹಲಗೆ ಜಾರುವುದೇಕೆ? ಉಜ್ಜುವಿಕೆಯ ಬಿಸಿಗೆ ಹಲಗೆಯ ಅಡಿಯಲ್ಲಿ ನೀರಿನ ತೆಳು ಪೊರೆ ಹುಟ್ಟಿ ಜಾರಿಕೆ ಹೆಚ್ಚುತ್ತದೆ. ಚಳಿ ಅತಿಯಾದರೆ ಆ ಪೊರೆ ಸರಿಯಾಗಿ ಹುಟ್ಟದೆ ಹಿಮ ಮರಳಿನಂತೆ ಹಲಗೆಯನ್ನು ಹಿಡಿಯುತ್ತದೆ. ತೀರಾ ತೇವವಾದರೆ ಅಂಟುತ್ತದೆ. ಅದಕ್ಕೇ ಸ್ಪರ್ಧಿಗಳು ಆ ದಿನದ ಹಿಮದ ಹದ ನೋಡಿ ಹಲಗೆಗೆ ಬೇರೆ ಬೇರೆ ಮೇಣ ಹಚ್ಚುತ್ತಾರೆ. ಹೊಲಕ್ಕೆ ಹೋಗಿ ಮಣ್ಣು ಹಿಡಿದು ನೋಡಿ ಕುಂಟೆ ಹೂಡುವ ರೈತನ ವಿವೇಕವೇ ಇದು.

ಇನ್ನು ಇಳಿಜಾರು. ಕಣದಲ್ಲಿ ಜೋಳದ ರಾಶಿ ಒಂದು ಮಟ್ಟದವರೆಗೆ ಕಡಿದಾಗಿ ನಿಲ್ಲುತ್ತದೆ. ಮೇಲೆ ಇನ್ನೊಂದು ಬುಟ್ಟಿ ಸುರಿದರೆ ಪಕ್ಕಕ್ಕೆ ಜಾರುತ್ತದೆ. ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ. ಅದರಲ್ಲಿ ಪದರಗಳ ಪಾತ್ರ ದೊಡ್ಡದು. ಹಲಗೆಯ ಮೇಲೆ ಒಂದು ಪದರ ಸಾಸಿವೆ ಹರಡಿ, ಮೇಲೆ ಒದ್ದೆ ಮಣ್ಣಿನ ದಪ್ಪ ಬಿಲ್ಲೆ ಇಟ್ಟು, ಹಲಗೆಯ ಒಂದು ತುದಿಯನ್ನು ನಿಧಾನ ಎತ್ತಿ ನೋಡಿ. ಸಾಸಿವೆಯಿಲ್ಲದೆಯೂ ಎತ್ತಿ ನೋಡಿ. ಹಿಮದ ರಾಶಿಯೊಳಗೆ ಸಾಸಿವೆಯಂಥ ಬಲಹೀನ ಪದರವೊಂದಿದ್ದರೆ ಮೇಲಿನದೆಲ್ಲ ಒಟ್ಟಿಗೆ ಕಳಚಿ ಬರುತ್ತದೆ. ಅದನ್ನು ಕಳಚಲು ಕೆಲವೊಮ್ಮೆ ಒಬ್ಬ ಸ್ಕೀ ಆಟಗಾರನ ಭಾರವೇ ಸಾಕು. 2010ರ ಫೆಬ್ರವರಿಯಲ್ಲಿ ಗುಲ್ಮಾರ್ಗಿನ ಮೇಲಿನ ಖಿಲನ್‌ಮಾರ್ಗಿನಲ್ಲಿ ತರಬೇತಿಯಲ್ಲಿದ್ದ ಸೈನಿಕರು ಕುಸಿತಕ್ಕೆ ಸಿಕ್ಕು 17 ಜನ ತೀರಿಕೊಂಡರು. ಚಿತ್ರಪಟದಲ್ಲಿ ಸುಂದರವಾಗಿ ಕಾಣುವ ಇಳಿಜಾರೂ ಸಾವು ತಂದ ಇಳಿಜಾರೂ ಒಂದೇ ಬೆಟ್ಟದಲ್ಲಿವೆ ಎಂಬುದನ್ನು ಮಕ್ಕಳು ತಿಳಿಯಬೇಕು.

ಆ ಪ್ರಶ್ನೆಗೆ ಉತ್ತರ

ಹಾಗಾದರೆ ಆ ಹುಡುಗನಿಗೆ ಏನು ಹೇಳಬೇಕಿತ್ತು? ನನ್ನ ಮಟ್ಟಿಗೆ ಇಷ್ಟು: "ಛಲೋ ಪ್ರಶ್ನೆ ಕೇಳಿದಿ. ಬಿದ್ದಾಗ ಮೆತ್ತಗಿರೂ ಹಿಮ ಕುಂತು, ಅದುಮಿ, ಗಟ್ಟಿ ಆಗತೈತಿ. ಅಲ್ಲಿ ಕುಸಿದದ್ದು ಆ ಗಟ್ಟಿ ಹಿಮ. ಅದು ಎಷ್ಟು ಭಾರ ಇರ್ತೈತಿ ಅನ್ನೂದನ್ನ ನಾಳಿ ಎಲ್ಲಾರೂ ಕೂಡಿ ಲೆಕ್ಕಾ ಹಾಕೋಣ." ಮರುದಿನದ ಲೆಕ್ಕವೂ ಸುಲಭ. ಘನ ಮೀಟರಿಗೆ 300 ಕೆ.ಜಿ. ತೂಗುವ ಹಿಮ 25 ಅಡಿ, ಎಂದರೆ ಸುಮಾರು 7.6 ಮೀಟರ್ ಎತ್ತರ ಬಿದ್ದರೆ, ಒಂದು ಚದರ ಮೀಟರಿನ ಮೇಲೆ ಎರಡು ಟನ್ನಿಗೂ ಹೆಚ್ಚು ಭಾರ. ಮಂಜುಗಡ್ಡೆಯಾದರೆ ಅದರ ಮೂರು ಪಟ್ಟು.

ಆದರೆ ಇಲ್ಲೊಂದು ಎಚ್ಚರ ಬೇಕು. ಲೆಕ್ಕ ಹಿಮದ ರಾಶಿಯ ಮೇಲಿರಲಿ, ಮನುಷ್ಯನ ಮೇಲೆ ಬೇಡ. ಕುಂದಗೋಳ ತಾಲೂಕಿನ ತರಗತಿಯಲ್ಲಿ ಆ ಮನೆತನದ ನಂಟರ ಮಕ್ಕಳು ಕುಳಿತಿರಬಹುದು. ಬೇರೆ ಊರಿನಲ್ಲಿ ಅಣ್ಣನೋ ಅಪ್ಪನೋ ಗಡಿಯಲ್ಲಿರುವ ಮಗು ಕುಳಿತಿರಬಹುದು. ಹನುಮಂತಪ್ಪನವರ ಸಾವನ್ನು ಆಸಕ್ತಿ ಕೆರಳಿಸುವ ಪೀಠಿಕೆಯಾಗಿ ಬಳಸುವುದು ನನಗೆ ಒಪ್ಪಿಗೆಯಿಲ್ಲ. ಮಗು ತಾನಾಗಿ ಆ ಹೆಸರು ತಂದಾಗ ಅದನ್ನು ಪಕ್ಕಕ್ಕೆ ಸರಿಸುವುದೂ ಒಪ್ಪಿಗೆಯಿಲ್ಲ. ಗೌರವದಿಂದ ಹೆಸರು ಹೇಳಿ, ನಡೆದುದನ್ನು ನೇರವಾಗಿ ತಿಳಿಸಿ, ಕಾರಣದ ಕಡೆಗೆ ಪಾಠವನ್ನು ಒಯ್ಯುವುದು ಶಿಕ್ಷಕರ ಕೆಲಸ. ಜಯಘೋಷ ಹಾಕಿಸಿ ಕೂರಿಸಿದರೂ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಎರಡು ಆಕ್ಷೇಪಣೆ, ಒಂದು ಕೋರಿಕೆ

"ಇಷ್ಟೆಲ್ಲ ಮಾಡಲು ಅವಧಿ ಎಲ್ಲಿದೆ?" ಎಂದು ಶಾಲೆಯ ಮಾರ್ಗದರ್ಶಿ ಶಿಕ್ಷಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಎಲ್ಲವನ್ನೂ ಒಂದೇ ಅವಧಿಯಲ್ಲಿ ತುರುಕಲು ನಾನು ಹೇಳುತ್ತಿಲ್ಲ. ಗೋಲಾ ಮತ್ತು ಹತ್ತಿ ಹತ್ತು ನಿಮಿಷದ ಕೆಲಸ. ಕಲಘಟಗಿ ಮತ್ತು ನವಲಗುಂದದ ಹೋಲಿಕೆಗೆ ಉಪಕರಣವೇ ಬೇಡ. ಹಲಗೆಯ ಲೆಕ್ಕವನ್ನು ವಿಜ್ಞಾನದ ಪ್ರಶಿಕ್ಷಣಾರ್ಥಿ ತನ್ನ ಅವಧಿಯಲ್ಲಿ ಮಾಡಲಿ. ಒಂದೇ ಶಾಲೆಗೆ ಐದಾರು ಜನರನ್ನು ಕಳಿಸುತ್ತೇವೆ. ಅವರು ಪಾಠ ಯೋಜನೆಯನ್ನು ಒಟ್ಟಿಗೆ ಕುಳಿತು ಬರೆಯುವುದನ್ನು ಮಾತ್ರ ನಾವು ಕಲಿಸಿಲ್ಲ.

"ಸ್ಮಾರ್ಟ್ ಬೋರ್ಡಿನಲ್ಲಿ ವಿಡಿಯೋ ತೋರಿಸಿದರೆ ಮುಗಿಯಿತಲ್ಲ?" ಎಂಬುದು ಎರಡನೆಯದು. ವಿಡಿಯೋ ತೋರಿಸಿ, ಖಂಡಿತ. ಆದರೆ ಕೊನೆಗೆ ತೋರಿಸಿ. ಕೈಯಲ್ಲಿ ಹಿಮದ ಹದ ಹಿಡಿದ ಮಗು ವಿಡಿಯೋದಲ್ಲಿ ಹುಡಿ, ಹೊಪ್ಪಳಿಕೆ, ಗಡ್ಡೆಯನ್ನು ಗುರುತಿಸುತ್ತದೆ. ಹಿಡಿಯದ ಮಗುವಿಗೆ ಅದು ಸಿನಿಮಾ ಹಾಡಿನ ಹಿನ್ನೆಲೆ ಅಷ್ಟೇ.

ಕೋರಿಕೆ ನಮ್ಮ ಬೋಧಕ ಬಳಗಕ್ಕೆ, ಮೊದಲು ನನಗೇ. ನಮ್ಮ ಅವಲೋಕನ ಪತ್ರಕ್ಕೆ ಒಂದು ಸಾಲು ಸೇರಿಸೋಣ: "ಈ ಪಾಠದಲ್ಲಿ ಮಕ್ಕಳು ಕೇಳಿದ, ಯೋಜನೆಯಲ್ಲಿಲ್ಲದ ಪ್ರಶ್ನೆ ಯಾವುದು? ಅದಕ್ಕೆ ಏನಾಯಿತು?" ಅಂಕ ಬೇಡ. ಪ್ರಶಿಕ್ಷಣಾರ್ಥಿಗೆ ಉತ್ತರ ತಿಳಿಯದಿದ್ದರೆ "ನಾಳೆ ನೋಡಿಕೊಂಡು ಬರುತ್ತೇನೆ" ಎಂದದ್ದನ್ನೂ ಒಳ್ಳೆಯ ಬೋಧನೆಯೆಂದೇ ದಾಖಲಿಸೋಣ. ಆ ದಿನ ನಮ್ಮ ಹುಡುಗಿ ಗಡಿಯಾರ ನೋಡಿದ್ದು ಅವಳ ತಪ್ಪಲ್ಲ. ಹಿಂದಿನ ಬೆಂಚಿನಲ್ಲಿ ಪತ್ರ ಹಿಡಿದು ಕುಳಿತ ನಾನು ಸಮಯಕ್ಕೆ ಅಂಕ ಕೊಡುತ್ತೇನೆ, ಪ್ರಶ್ನೆಗೆ ಕೊಡುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಈ ವರ್ಷ ಅದೇ ಶಾಲೆಗೆ ಹೊಸ ತಂಡ ಹೋಗುತ್ತದೆ. ಆ ಹುಡುಗ ಈಗ ಒಂಬತ್ತನೇ ತರಗತಿಯಲ್ಲಿದ್ದಾನೆ. ಒಂದು ಬರ್ಫದ ಗಡ್ಡೆ, ಕೀಸಲು ಒಂದು ತುರಿಮಣೆ, ಒಂದು ಹಿಡಿ ಹತ್ತಿ ತೆಗೆದುಕೊಂಡು ಈ ಸಲ ನಾನೂ ತಂಡದ ಜೊತೆ ಹೋಗಲಿದ್ದೇನೆ. ಅವನ ಪ್ರಶ್ನೆಗೆ ಒಂದು ವರ್ಷ ತಡವಾಗಿದೆ, ಆದರೂ ಉತ್ತರ ಕೊಡುವುದಿದೆ.